ಬಾಲ್ಯಸ್ಮರಣೆಯಲ್ಲಿ ಒಡಿಸಿ ಯಂತ್ರ

ಅಮೆರಿಕೆಯಲ್ಲಿ 1970ಕ್ಕೂ 1985ಕ್ಕೂ ನಡುವೆ ಬಾಲ್ಯವನ್ನು ಕಳೆದವರು ಈಗ ನಡುವಯಸ್ಸನ್ನು ದಾಟಿ ತಮ್ಮ ಎಳೆಯ ದಿನಗಳ ಸ್ಮರಣೆಯನ್ನು ಹೇರಳವಾಗಿ ಬರೆಯತೊಡಗಿರುವರು. ಹಿಂದಿನ ತಲೆಮಾರಿನವರ ಇಂಥ ಬರೆವಣಿಗೆಗಳಲ್ಲಿ ಹೊಳೆಯ ದಡ, ಹಣ್ಣಿನ ತೋಟ, ಅಜ್ಜಿಯ ಕಥೆ ಇವು ಪಡೆದಿದ್ದ ಸ್ಥಾನವನ್ನು ಇವರಲ್ಲಿ ಟೆಲಿವಿಷನ್ ಪೆಟ್ಟಿಗೆಯೂ ಅದಕ್ಕೆ ತಂತಿಯಿಂದ ಜೋಡಿಸಿ ಆಡುತ್ತಿದ್ದ ಆಟದ ಯಂತ್ರಗಳೂ ಬಹುಮಟ್ಟಿಗೆ ಆಕ್ರಮಿಸಿಕೊಂಡಿರುವುವು. ಇದನ್ನು ಕಂಡು ಮೂಗು ಮುರಿಯುವ ವಿದ್ವಾಂಸರು ಇಲ್ಲದೆ ಇಲ್ಲ. ಯಂತ್ರವೆಲ್ಲಿ, ಸಾಹಿತ್ಯವೆಲ್ಲಿ ಎಂದು ಅವರ ಆಕ್ಷೇಪ. ಆದರೆ ವಸ್ತುವಿನ ಹಿರಿಮೆಯಿಂದಲೇ ಬರೆವಣಿಗೆಗೆ ಹಿರಿಮೆ ಬರುವುದೆಂಬುದು ಯುಕ್ತವಲ್ಲ. ಸಂಸ್ಕೃತದ ಉತ್ತಮ ಪ್ರಕರಣಗಳಲ್ಲೊಂದು ತನ್ನ ಹೆಸರನ್ನು ಪಡೆದುದು ಒಂದು ಮಣ್ಣಿನ ಆಟದ ಬಂಡಿಯಿಂದ ಎಂಬುದನ್ನು ವಾಚಕರು ಬಲ್ಲರು. ಆದುದರಿಂದ ಮಕ್ಕಳ ಆಟಿಕೆಯನ್ನು ಕುರಿತ ಬರೆವಣಿಗೆಯನ್ನು ಬಾಗಿಲಲ್ಲಿಯೇ ತಡೆಯದೆ, ಒಳಕ್ಕೆ ಬಿಟ್ಟು, ಅದರಲ್ಲಿ ಸತ್ತ್ವವಾವುದು ಹೊಟ್ಟಾವುದು ಎಂದು ತೂರಿ ನೋಡುವುದೇ ವಿಮರ್ಶಕನ ಕೆಲಸ.

ಈ ಸ್ಮರಣೆಗಳಲ್ಲಿ ಹೆಚ್ಚಿನ ಪಾಲು ಅಟಾರಿ ಎಂಬ ಕಂಪನಿಯ ಯಂತ್ರಕ್ಕೆ ಸಲ್ಲುವುದು. ಅದು 1977ರಲ್ಲಿ ಹೊರಬಂದು, ಕೆಲವೇ ವರ್ಷಗಳಲ್ಲಿ ಮನೆಮಾತಾಗಿ, ಕೊನೆಗೆ ಆ ಬಗೆಯ ಯಾವ ಯಂತ್ರವನ್ನಾದರೂ ಜನರು ಅಟಾರಿ ಎಂದೇ ಕರೆಯುವಷ್ಟು ರೂಢಿಯನ್ನು ಪಡೆಯಿತು. ಅದರ ನೆರಳಿನಲ್ಲಿ ಬೆಳೆದು ಸೊರಗಿದುದು ಒಡಿಸಿ-2 ಎಂಬ ಇನ್ನೊಂದು ಯಂತ್ರ. ಇದರ ವಂಶವೇನೂ ಕೀಳಲ್ಲ. ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವ ಮೊತ್ತಮೊದಲ ಯಂತ್ರವನ್ನು ರಾಲ್ಫ್ ಬೇರ್ ಎಂಬ ಇಂಜಿನಿಯರನ ಕಲ್ಪನೆಯಂತೆ 1972ರಲ್ಲಿ ಮಾರಾಟಕ್ಕೆ ತಂದವರು ಮ್ಯಾಗ್ನವಾಕ್ಸ್ ಕಂಪನಿಯವರು. ಅದಕ್ಕೆ ಅವರಿಟ್ಟ ಹೆಸರು ಒಡಿಸಿ. ಆ ಕಂಪನಿಯು 1974ರಲ್ಲಿ ಫಿಲಿಪ್ಸ್ ಸಂಸ್ಥೆಯ ವಶವಾಯಿತು. 1978ರಲ್ಲಿ ಆ ಮೊದಲ ಯಂತ್ರದ ಹೆಸರಿನ ಮುಂದೆ ಎರಡೆಂಬ ಅಂಕೆಯನ್ನಿಟ್ಟು ಈ ಹೊಸ ಯಂತ್ರವನ್ನು ತಂದರು. ಯುರೋಪಿನಲ್ಲಿ ಇದೇ ಯಂತ್ರವು ವಿಡಿಯೋಪ್ಯಾಕ್ ಎಂಬ ಹೆಸರಿನಿಂದ ಮಾರಾಟವಾಯಿತು. ಬ್ರೆಜಿಲ್ ದೇಶಕ್ಕೆ 1983ರಲ್ಲಿ ಹೋಯಿತು. ಮೊದಲು ಹುಟ್ಟಿದ ಮನೆಯ ಮಗನಾದರೂ ಪಿತ್ರಾರ್ಜಿತವೆಲ್ಲ ದಾಯಾದಿಗಳ ಪಾಲಾಯಿತೆಂಬಂತೆ ಆಯಿತು ಇದರ ಗತಿ. ಒಂದು ಕಡೆ ಅಟಾರಿ, ಮತ್ತೊಂದು ಕಡೆ ಮ್ಯಾಟೆಲ್ ಕಂಪನಿಯ ಇಂಟೆಲಿವಿಷನ್, 1982ರಲ್ಲಿ ಕೊಲೆಕೊವಿಷನ್: ಇವುಗಳ ನಡುವೆ ಸಿಕ್ಕಿ, 1983ರಲ್ಲಿ ಆ ವ್ಯಾಪಾರವೆಲ್ಲವೂ ಕುಸಿದುಬಿದ್ದ ಮೇಲೆ, 1984ರಲ್ಲಿ ಇದರ ತಯಾರಿಕೆಯು ನಿಂತಿತು.

ಇನ್ನು ಸ್ಮರಣೆಯ ವಿಚಾರ. ತಾರ್ಕಿಕರು ಸ್ಮೃತಿಯನ್ನು ಸಂಸ್ಕಾರಮಾತ್ರದಿಂದ ಹುಟ್ಟುವ ಜ್ಞಾನವೆಂದು ಹೇಳಿ, ಮೂಲಾನುಭವವು ಸರಿಯಾಗಿದ್ದರೆ ಯಥಾರ್ಥ, ತಪ್ಪಾಗಿದ್ದರೆ ಅಯಥಾರ್ಥ ಎಂದು ಎರಡಾಗಿ ವಿಂಗಡಿಸುವರು. ಆಲಂಕಾರಿಕರಾದರೋ ಅದನ್ನು ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಒಂದಾಗಿ ಎಣಿಸುವರೇ ಹೊರತು ಸ್ಥಾಯಿಗಳ ಪಂಕ್ತಿಯಲ್ಲಿ ಕೂಡಿಸುವುದಿಲ್ಲ. ಈ ಎರಡು ಶಾಸ್ತ್ರಗಳ ಮಾತೂ ಪ್ರಕೃತಕ್ಕೆ ಉಪಯುಕ್ತವಾಗಿರುವುವು. ಬಾಲ್ಯದ ಯಂತ್ರವನ್ನು ನೆನೆಯುವ ಅನೇಕರು ನೆನಪೊಂದನ್ನೇ ಹಿಡಿದು ಸವಿಯುತ್ತ ನಿಂತುಬಿಡುವರು. ಆ ದೀಪ, ಆ ಕೋಣೆ, ಆ ಹಬ್ಬದ ಬೆಳಗು ಎಂದು ಹೇಳುತ್ತ ಹೋಗುವರು. ಓದುವವನಿಗೆ ಅದರಲ್ಲಿ ಪಾಲು ದೊರೆಯುವುದಿಲ್ಲ. ಸಂಚಾರಿಯೊಂದೇ ಸಂಚರಿಸುತ್ತಿದ್ದರೆ ಅದು ಮನೆಯಿಲ್ಲದ ಅಲೆಮಾರಿ. ಅದಕ್ಕೊಂದು ಸ್ಥಾಯಿಯ ಆಶ್ರಯ ಬೇಕು. ಇಂಥ ಬರೆವಣಿಗೆಗಳಲ್ಲಿ ಉತ್ತಮವಾದುವು ಯಾವುವೆಂದು ನೋಡಿದರೆ, ನೆನೆಯುವವನು ತನ್ನನ್ನು ಬಿಟ್ಟು ಆಟದ ಕಡೆಗೆ ತಿರುಗಿ, ಅದರಲ್ಲಿ ತನಗೆ ವಿಸ್ಮಯವನ್ನುಂಟುಮಾಡಿದ ಅಂಶವನ್ನು ಕರಾರುವಾಕ್ಕಾಗಿ ಹೇಳಿದವೇ ಆಗಿರುವುವು.

ಒಡಿಸಿ-2ನ್ನು ನೆನೆಯುವವರಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಕೊರಗುಂಟು. ಪಕ್ಕದ ಮನೆಯ ಹುಡುಗನಿಗೆ ಅಟಾರಿಯನ್ನು ಕೊಡಿಸಿದರು, ಇವನ ಮನೆಗೆ ಇದು ಬಂದಿತು ಎಂಬುದೇ ಅದು. ಈ ಕೊರಗಿನಲ್ಲಿ ಹೊಸತೇನೂ ಇಲ್ಲ. ಮೃಚ್ಛಕಟಿಕದ ಆರನೆಯ ಅಂಕದಲ್ಲಿ ಚಾರುದತ್ತನ ಮಗ ರೋಹಸೇನನು ನೆರೆಮನೆಯ ಮಗುವಿನ ಚಿನ್ನದ ಬಂಡಿಯನ್ನು ಕಂಡು, ತನ್ನ ಕೈಗಿತ್ತ ಮಣ್ಣಿನ ಬಂಡಿಯನ್ನು ಒಲ್ಲೆನೆಂದು ಅಳುತ್ತ ಬರುವನಷ್ಟೆ? ಆದರೆ ಶೂದ್ರಕನು ಆ ಅಳುವನ್ನು ಅಲ್ಲಿಗೇ ಬಿಡಲಿಲ್ಲ. ವಸಂತಸೇನೆಯು ತನ್ನ ಒಡವೆಗಳನ್ನು ಬಿಚ್ಚಿ ಆ ಮಣ್ಣಿನ ಬಂಡಿಯಲ್ಲಿ ತುಂಬಿದಳು. ಆ ಒಡವೆಯೇ ಮುಂದೆ ಚಾರುದತ್ತನನ್ನು ಶೂಲದ ಬಳಿಗೆ ಕೊಂಡೊಯ್ಯಿತು. ಕೊರಗಿನಿಂದ ಕಥೆ ಬೆಳೆಯಿತು. ಈಗಿನ ಸ್ಮರಣಕಾರರಲ್ಲಿ ಹಲವರು ಕೊರಗಿನಲ್ಲಿಯೇ ನಿಂತು, ನಾಲ್ವತ್ತು ವರ್ಷಗಳ ಮೇಲೆಯೂ ತಂದೆಯ ಆಯ್ಕೆಯನ್ನು ಹಳಿಯುತ್ತಿರುವುದು ವಿಷಾದಕರ. ತಂದೆಯು ಈ ಯಂತ್ರವನ್ನೇ ಏಕೆ ಆರಿಸಿದನೆಂಬುದಕ್ಕೆ ಅವರೇ ಕೊಡುವ ಕಾರಣವನ್ನು ಸ್ವಲ್ಪ ವಿಚಾರಿಸಿದರೆ ಆ ತಂದೆಗೂ ನ್ಯಾಯ ದೊರೆಯುವುದು, ಯಂತ್ರಕ್ಕೂ ನ್ಯಾಯ ದೊರೆಯುವುದು.

ಆ ಕಾರಣವೆಂದರೆ ಅದರ ಅಕ್ಷರದ ಮಣೆ. ಇದಕ್ಕೆ ಕೈಯಲ್ಲಿ ಹಿಡಿದು ತಿರುಗಿಸುವ ಕೋಲಿನ ಜೊತೆಗೆ ನಾಲ್ವತ್ತೊಂಬತ್ತು ಕೀಲಿಗಳುಳ್ಳ ಒಂದು ಮಣೆಯೂ ಇದ್ದಿತು. ಕೀಲಿಗಳೆಂದರೆ ಟೈಪು ಯಂತ್ರದ ಕೀಲಿಗಳಂತೆ ಒತ್ತಿದರೆ ತಗ್ಗುವುವಲ್ಲ. ಚಪ್ಪಟೆಯಾದ ಹಾಳೆಯ ಮೇಲೆ ಅಚ್ಚಾದ ಚೌಕಗಳು. ಬೆರಳಿಗೆ ಒತ್ತಿದ ಅನುಭವವೇ ಆಗದು. ಯಂತ್ರವನ್ನು ಹೊತ್ತಿಸಿದೊಡನೆ ಆಟವನ್ನು ಆರಿಸು ಎಂಬರ್ಥದ ಎರಡು ಮಾತುಗಳು ಬಣ್ಣಬಣ್ಣದ ಅಕ್ಷರಗಳಲ್ಲಿ ತೆರೆಯ ಮೇಲೆ ಮೂಡುವುವು; ಮಗುವು ಒಂದು ಅಂಕೆಯನ್ನು ಒತ್ತಬೇಕು. ಈ ಎರಡು ಮಾತುಗಳನ್ನು ಮರೆತ ಸ್ಮರಣಕಾರನು ಸಿಕ್ಕುವುದು ಕಷ್ಟ. ತಂದೆಯಾದವನು ಅಂಗಡಿಯಲ್ಲಿ ಈ ಮಣೆಯನ್ನು ನೋಡಿ ಇದರಿಂದ ಮಕ್ಕಳಿಗೆ ವಿದ್ಯೆ ಬಂದೀತೆಂದು ನಂಬಿದನು. ಮೋಸಹೋದನು ಎಂದು ಇವರು ನಗುವರು. ಇದು ಅರ್ಧಸತ್ಯ. ಇದು ಗಣಕಯಂತ್ರವಲ್ಲವೆಂಬುದು ದಿಟ. ಆದರೂ ಯಂತ್ರದೊಡನೆ ಕೊಡುತ್ತಿದ್ದ ಮೊದಲನೆಯ ಪೆಟ್ಟಿಗೆಯಲ್ಲಿಯೇ ಎರಡು ಬಂಡಿಯೋಟದ ಆಟಗಳ ಪಕ್ಕದಲ್ಲಿ ಕ್ರಿಪ್ಟೊ-ಲಾಜಿಕ್ ಎಂಬ ಶಬ್ದಕ್ರೀಡೆಯೊಂದಿದ್ದಿತು. ಒಬ್ಬನು ಒಂದು ಮಾತನ್ನು ಮಣೆಯಲ್ಲಿ ಒತ್ತಿಡುವನು; ಯಂತ್ರವು ಅದರ ಅಕ್ಷರಗಳನ್ನು ಕಲಸಿ ತೋರಿಸುವುದು; ಇನ್ನೊಬ್ಬನು ಬಿಡಿಸಬೇಕು. ಇಬ್ಬರು ಒಂದೇ ಕೋಣೆಯಲ್ಲಿ ಕುಳಿತು ಪ್ರಹೇಲಿಕೆಯನ್ನು ಒಡ್ಡುವ, ಬಿಡಿಸುವ ಪದ್ಧತಿಯು ಬಹು ಹಳೆಯದು. ಯಂತ್ರವು ಅಲ್ಲಿ ಕಲಸುವ ಕೆಲಸವನ್ನು ಮಾತ್ರ ವಹಿಸಿಕೊಂಡಿತು. 1979ರಲ್ಲಿ ಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ರೀತಿಯನ್ನು ಕಲಿಸುವ ಪೆಟ್ಟಿಗೆಯೂ ಬಂದಿತು. 1982ರಲ್ಲಿ ಧ್ವನಿಯೆಂಬ ಹೆಸರಿನ ಉಪಕರಣವೊಂದನ್ನು ಯಂತ್ರದ ತಲೆಯ ಮೇಲೆ ಕೂರಿಸುವಂತೆ ಮಾಡಿದರು; ಮಣೆಯಲ್ಲಿ ಒತ್ತಿದ ಮಾತನ್ನು ಅದು ಗೊಗ್ಗರ ಕಂಠದಿಂದ ಉಚ್ಚರಿಸುತ್ತಿದ್ದಿತು. ಮಕ್ಕಳು ಆ ಉಪಕರಣದಿಂದ ಮೊದಲು ಹೇಳಿಸಿದ ಮಾತುಗಳು ಯಾವುವೆಂಬುದನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಶಾಲೆಯಲ್ಲಿ ಪಾಠ ಹೇಳಿದವರೆಲ್ಲರೂ ಊಹಿಸಬಲ್ಲರು.

ಮಣೆಯ ಇನ್ನೊಂದು ಉಪಯೋಗವನ್ನು ಮರೆಯಲಾಗದು. ಕೆಲವು ಆಟಗಳಲ್ಲಿ ಎಲ್ಲರಿಗಿಂತ ಹೆಚ್ಚು ಅಂಕವನ್ನು ಪಡೆದವನ ಮುಂದೆ ಆರು ಪ್ರಶ್ನಾರ್ಥಕ ಚಿಹ್ನೆಗಳು ಬಂದು ನಿಲ್ಲುತ್ತಿದ್ದುವು. ಅವುಗಳ ಜಾಗದಲ್ಲಿ ಅವನು ತನ್ನ ಹೆಸರನ್ನು ಬರೆಯಬಹುದಾಗಿದ್ದಿತು. ಹೆಸರು ಆರಕ್ಷರಕ್ಕೆ ಮೀರಿದರೆ ಮೊಟಕಾಗಬೇಕು. ಯಂತ್ರವನ್ನು ಆರಿಸಿದ ಕೂಡಲೆ ಆ ಹೆಸರು ಅಳಿದುಹೋಗುವುದು.

ಯಂತ್ರದ ಬಡತನವನ್ನು ಮರೆಮಾಚಿ ಹೊಗಳುವುದು ಅಯಥಾರ್ಥಸ್ಮೃತಿಯ ಲಕ್ಷಣ. ಅದರ ಒಳಗಿನ ಮೇಧಾಶಕ್ತಿಯು ಇಂಟೆಲ್ ಕಂಪನಿಯ 8048 ಎಂಬ ಒಂದು ಸಣ್ಣ ತುಣುಕು. ಆಟದ ನಡುವೆ ನೆನಪಿನಲ್ಲಿಟ್ಟುಕೊಳ್ಳಲು ಅದಕ್ಕೆ ತನ್ನೊಳಗೆ 64 ಬೈಟುಗಳೂ ಹೊರಗೆ 128 ಬೈಟುಗಳೂ ಇದ್ದುವು. ಬೈಟಿಗೊಂದು ಅಕ್ಷರವೆಂದು ಸ್ಥೂಲವಾಗಿ ಎಣಿಸಿದರೆ ಒಟ್ಟು 192, ಎಂದರೆ ಸರಿಯಾಗಿ ಆರು ಅನುಷ್ಟುಪ್ ಶ್ಲೋಕಗಳು. ಪಾಠಶಾಲೆಯ ಎಳೆಯ ಬಾಲಕನು ಒಂದು ಬೆಳಗ್ಗೆ ಕಂಠಪಾಠ ಮಾಡತಕ್ಕಷ್ಟು! ಇಷ್ಟರಲ್ಲಿಯೇ ಯುದ್ಧ, ಪಂದ್ಯ, ಆಕಾಶಯಾನಗಳೆಲ್ಲ ನಡೆಯಬೇಕು. ಆದಕಾರಣ ತಯಾರಿಸಿದವರು ಒಂದು ಉಪಾಯವನ್ನು ಮಾಡಿದರು. ಅಕ್ಷರ, ಅಂಕೆ, ಮರ, ಹಡಗು, ವಿಮಾನ, ಚೆಂಡು, ಓಡುವ ಮನುಷ್ಯ ಇವೇ ಮೊದಲಾದ 64 ಆಕೃತಿಗಳನ್ನು ಯಂತ್ರದಲ್ಲಿಯೇ ಅಚ್ಚೊತ್ತಿಟ್ಟರು. ಆಟವನ್ನು ರಚಿಸುವವನು ಅವುಗಳನ್ನು ಬೇಕೆಂದಲ್ಲಿ ಇರಿಸಿಕೊಳ್ಳಬಹುದು; ತನ್ನದೇ ಆದ ಆಕೃತಿಗಳನ್ನು ಒಮ್ಮೆಗೆ ನಾಲ್ಕರಷ್ಟು ಮಾತ್ರ ಸೇರಿಸಬಹುದು.

ಈ ಉಪಾಯದ ಫಲವಾಗಿ ಆಟದಿಂದ ಆಟಕ್ಕೆ ಅದೇ ಮನುಷ್ಯನು ಬರುವನು. ಒಂದರಲ್ಲಿ ಚೆಂಡನ್ನು ಹಿಡಿಯುವ ಆಟಗಾರ, ಇನ್ನೊಂದರಲ್ಲಿ ಬಂದೂಕಿನ ಬಂಟ. ರೂಪ ಮಾತ್ರ ಒಂದೇ. ಆಗಿನ ನೋಡುಗರು ಇದನ್ನು ದಾರಿದ್ರ್ಯವೆಂದು ಹಳಿದರು, ಈಗಿನ ಸ್ಮರಣಕಾರರಲ್ಲಿ ಕೆಲವರು ಇದನ್ನೇ ಮುದ್ದಾಡುವರು. ಎರಡು ಪಕ್ಷವೂ ವಿಚಾರವನ್ನು ಪೂರ್ತಿ ಮಾಡಿಲ್ಲ. ಹುಲಿಕುರಿಯಾಟದ ಹಾಸಿನಲ್ಲಿ ಹುಲಿಯೆಂಬುದು ಒಂದು ಹರಳು, ಕುರಿಯೆಂಬುದು ಇನ್ನೊಂದು ಹರಳು. ಹರಳಿಗೆ ಪಟ್ಟೆಯಿಲ್ಲವೆಂದು ಯಾರೂ ದೂರಿದುದಿಲ್ಲ. ಅಲ್ಲಿ ಹುಲಿತನವಿರುವುದು ಹರಳಿನ ಚಲನೆಯ ನಿಯಮದಲ್ಲಿ. ಹಾಗೆಯೇ ಒಡಿಸಿಯ ಆ ಓಡುವ ಮನುಷ್ಯನಿಗೆ ಆಯಾ ಆಟದ ನಿಯಮವು ಬಲವಾಗಿದ್ದಲ್ಲಿ ಜೀವ ಬರುತ್ತಿತ್ತು, ದುರ್ಬಲವಾಗಿದ್ದಲ್ಲಿ ಅವನು ಬರಿಯ ಅಚ್ಚಾಗಿಯೇ ಉಳಿಯುತ್ತಿದ್ದನು. ಈ ಯಂತ್ರದ ಆಟಗಳಲ್ಲಿ ಎರಡನೆಯ ಬಗೆಯವು ಕಡಿಮೆಯೇನಲ್ಲ. ಹೆಸರಿನ ತುದಿಯಲ್ಲಿ ತಪ್ಪದೆ ಒಂದು ಆಶ್ಚರ್ಯಸೂಚಕ ಚಿಹ್ನೆಯನ್ನು ಇಡುವುದು ಅಮೆರಿಕೆಯಲ್ಲಿ ಇವರ ಪದ್ಧತಿಯಾಗಿದ್ದಿತು. ಆಶ್ಚರ್ಯವು ಹಲವೆಡೆಗಳಲ್ಲಿ ಆ ಚಿಹ್ನೆಯಲ್ಲಿಯೇ ಮುಗಿದುಹೋಗುವುದು.

ಬಡತನವನ್ನು ಜಾಣ್ಮೆಯಿಂದ ಗೆದ್ದುದಕ್ಕೆ 1981ರ ಉಂಗುರಗಳ ಅನ್ವೇಷಣೆ ಎಂಬರ್ಥದ ಹೆಸರಿನ ಆಟವು ನಿದರ್ಶನ. ತೆರೆಯ ಮೇಲೆ ತೋರಿಸಲಾಗದ ರಾಜ್ಯವನ್ನು ಒಂದು ನಕ್ಷೆಯ ಹಾಸಾಗಿ ಅಚ್ಚುಹಾಕಿ, ಬಿಲ್ಲೆಗಳ ಸಮೇತ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಅಕ್ಷರದ ಮಣೆಯ ಮೇಲೆ ಹಾಸಲು ಬೇರೊಂದು ಹೊದಿಕೆಯೂ ಇದ್ದಿತು. ಇಬ್ಬರು ಒಟ್ಟಿಗೆ ಆಡಬೇಕು. ಒಬ್ಬರಿಗೊಬ್ಬರು ಶತ್ರುಗಳಲ್ಲ, ಸಹಾಯಕರು. ಯೋಧ, ಮಾಂತ್ರಿಕ, ಗೋಡೆಯೊಳಗೆ ನುಸುಳಬಲ್ಲ ಛಾಯಾಪುರುಷ, ಅದೃಶ್ಯನಾಗಬಲ್ಲ ಮಾಯಾವಿ ಈ ನಾಲ್ವರಲ್ಲಿ ತಮಗೆ ಬೇಕಾದವರನ್ನು ಆರಿಸಿಕೊಂಡು ಹತ್ತು ಉಂಗುರಗಳನ್ನು ಹುಡುಕಬೇಕು. ಮೂರನೆಯವನೊಬ್ಬನು ಇದ್ದರೆ ಅವನು ಉಂಗುರಗಳನ್ನೂ ರಕ್ಕಸರನ್ನೂ ನಕ್ಷೆಯಲ್ಲಿ ಅಡಗಿಸುವ ಒಡೆಯನಾಗುವನು. ಟೋಲ್ಕಿನ್ನನ ಕಥೆಯ ಛಾಯೆ ಹೆಸರಿನಲ್ಲಿಯೇ ಸ್ಪಷ್ಟ. ಆದರೂ ನೆನೆಯುವವರ ಮಾತಿನಲ್ಲಿ ಉಳಿದುಬರುವುದು ರಕ್ಕಸರ ಆಕಾರವಲ್ಲ. ಅಣ್ಣತಮ್ಮಂದಿರು ನೆಲದ ಮೇಲೆ ಹರಡಿದ ನಕ್ಷೆಯ ಸುತ್ತ ಕುಳಿತು, ಈಗ ಯಾವ ಕೋಟೆಗೆ ಹೋಗೋಣವೆಂದು ವಾದಿಸಿದುದು. ತೆರೆಯಲ್ಲಿದ್ದ ಕೊರತೆಯು ಕೋಣೆಯಲ್ಲಿ ತುಂಬಿಬಂದಿತು.

ಇಷ್ಟು ಹೇಳಿದುದು ಪೀಠಿಕೆ. ಈ ಯಂತ್ರದ ಸ್ಮರಣೆಯಲ್ಲಿ ನಿಜವಾಗಿ ವಿಮರ್ಶೆಗೆ ಸಲ್ಲತಕ್ಕ ಪ್ರಕರಣವೊಂದಿರುವುದು, ಅದು ಕೆ. ಸಿ. ಮಂಚ್‌ಕಿನ್ ಎಂಬ ಆಟದ ಕಥೆ. 1980ರಲ್ಲಿ ಜಪಾನಿನ ನಾಮ್ಕೊ ಕಂಪನಿಯ ತೋರು ಇವಾತಾನಿ ಎಂಬಾತನು ಪ್ಯಾಕ್-ಮ್ಯಾನ್ ಎಂಬ ಆಟವನ್ನು ರಚಿಸಿದನು. ಚಕ್ರವ್ಯೂಹದಂಥ ಓಣಿಗಳಲ್ಲಿ ಬಾಯಿ ತೆರೆದುಕೊಂಡು ಚುಕ್ಕೆಗಳನ್ನು ನುಂಗುತ್ತ ಓಡುವ ಒಂದು ಹಳದಿಯ ಗುಂಡು. ಅದನ್ನು ಅಟ್ಟಿಬರುವ ನಾಲ್ಕು ಭೂತಗಳು. ವಿಶೇಷವಾದ ಚುಕ್ಕೆಯನ್ನು ನುಂಗಿದರೆ ಸ್ವಲ್ಪ ಕಾಲ ಅಟ್ಟುವವರನ್ನೇ ಇವನು ಅಟ್ಟಬಹುದು. ಇದು ಲೋಕಪ್ರಿಯವಾಯಿತು. ಮನೆಯ ಯಂತ್ರಗಳಿಗೆ ಇದನ್ನು ತರುವ ಹಕ್ಕು ಅಟಾರಿಗೆ ಸೇರಿತು. ಫಿಲಿಪ್ಸ್ ಪಕ್ಷದವರು ತಾವೂ ಅನುಮತಿಯನ್ನು ಕೇಳಿ, ದೊರೆಯದೆ ಇರಲು, ಎಡ್ ಎವೆರೆಟ್ ಎಂಬ ರಚನಕಾರನ ಕೈಯಿಂದ ಅದೇ ಜಾತಿಯ ಬೇರೊಂದು ಆಟವನ್ನು ಮಾಡಿಸಿ 1981ರಲ್ಲಿ ಹೊರತಂದರು. ಈ ಎವೆರೆಟ್ ಮೊದಲು ಇಂಟೆಲ್ ಕಂಪನಿಯಲ್ಲಿದ್ದವನು; ಒಡಿಸಿಯ ಆಟಗಳಲ್ಲಿ ಇಪ್ಪತ್ತಕ್ಕೂ ಹೆಚ್ಚನ್ನು ಒಬ್ಬನೇ ರಚಿಸಿದವನು. ಅಟಾರಿಯವರು ವ್ಯಾಜ್ಯ ಹೂಡಿದರು. ಮೊದಲ ಕೋರ್ಟು ತಡೆಯಾಜ್ಞೆಯನ್ನು ಕೊಡಲೊಪ್ಪಲಿಲ್ಲ. 1982ರ ಮಾರ್ಚಿಯಲ್ಲಿ ಷಿಕಾಗೋ ನಗರದ ಏಳನೆಯ ಸರ್ಕಿಟಿನ ಅಪೀಲು ಕೋರ್ಟು ಆ ನಿರ್ಣಯವನ್ನು ತಳ್ಳಿಹಾಕಿತು. ಆಟವು ಅಂಗಡಿಗಳಿಂದ ಕಣ್ಮರೆಯಾಯಿತು.

ಈ ತೀರ್ಪನ್ನು ಸ್ಮರಣಕಾರರು ಅನ್ಯಾಯವೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುವರು. ಅಷ್ಟು ಸುಲಭವಲ್ಲ. ನ್ಯಾಯಾಧೀಶರು ವಿವೇಚನೆಯಿಲ್ಲದೆ ಬರೆದವರಲ್ಲ. ಆಟವೆಂಬುದು ಕೃತಿಸ್ವಾಮ್ಯಕ್ಕೆ ವಿಷಯವಲ್ಲವೆಂದು ಅವರೇ ಒಪ್ಪಿದರು. ಓಣಿಗಳ ಜಾಲ, ಚುಕ್ಕೆಗಳು, ಅಂಕಗಳ ಎಣಿಕೆ ಇವು ಅಂಥ ಆಟಗಳಿಗೆಲ್ಲ ಸಾಮಾನ್ಯವಾದ ಸಾಮಗ್ರಿ. ಅವು ಒಬ್ಬರ ಸೊತ್ತಲ್ಲವೆಂದರು. ನಮ್ಮ ಲಾಕ್ಷಣಿಕರಾದರೆ ಕವಿಸಮಯವೆನ್ನುತ್ತಿದ್ದರು. ಆದರೆ ನುಂಗುವ ಗುಂಡು, ಅಟ್ಟುವ ಭೂತಗಳು ಇವುಗಳ ರೂಪವೂ ನಡೆನುಡಿಯೂ ಕಲ್ಪನೆಯಿಂದ ಹುಟ್ಟಿದವು. ಅವನ್ನು ಎತ್ತಿಕೊಂಡುದು ತಪ್ಪು ಎಂಬುದು ನಿರ್ಣಯ. ಎವೆರೆಟ್ಟನು ತನ್ನ ಗುಂಡನ್ನು ಮೊದಲು ಹಳದಿಯಾಗಿಯೇ ಮಾಡಿ, ಆಮೇಲೆ ಕಂಪನಿಯವರ ಸೂಚನೆಯಂತೆ ನೀಲಿಯ ಛಾಯೆಗೆ ತಿರುಗಿಸಿದುದೂ, ಅಂಗಡಿಯವರು ಇದನ್ನು ಒಡಿಸಿಯ ಪ್ಯಾಕ್-ಮ್ಯಾನ್ ಎಂದೇ ಕರೆದು ಮಾರಿದುದೂ ಅವನ ಪಕ್ಷಕ್ಕೆ ಒಳ್ಳೆಯದನ್ನು ಮಾಡಲಿಲ್ಲ.

ಕೃತಿಗೂ ಕೃತಿಗೂ ಇರುವ ಹೋಲಿಕೆಯನ್ನು ತೂಗುವುದಕ್ಕೆ ನಮ್ಮಲ್ಲಿ ಸಾವಿರ ವರ್ಷಗಳಿಗೂ ಹಳೆಯದಾದ ತಕ್ಕಡಿಯೊಂದಿರುವುದು. ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಈ ಸಂವಾದವನ್ನು ಮೂರು ಬಗೆಯಾಗಿ ಎಣಿಸಿದನು: ಕನ್ನಡಿಯೊಳಗಿನ ಪ್ರತಿಬಿಂಬದಂತಿರುವುದು, ಚಿತ್ರದಲ್ಲಿ ಬರೆದ ಆಕಾರದಂತಿರುವುದು, ಒಂದೇ ಬಗೆಯ ಮೈಯುಳ್ಳ ಇನ್ನೊಬ್ಬ ಮನುಷ್ಯನಂತಿರುವುದು. ಮೊದಲನೆಯದಕ್ಕೆ ಸ್ವಂತ ಆತ್ಮವಿಲ್ಲ, ಎರಡನೆಯದಕ್ಕೆ ಇದ್ದರೂ ಕ್ಷುದ್ರ, ಇವೆರಡು ತ್ಯಾಜ್ಯ. ಮೂರನೆಯದಕ್ಕೆ ಮೈ ಹೋಲುವುದಾದರೂ ಆತ್ಮವು ಬೇರೆ. ಅದನ್ನು ಕವಿಯು ಬಿಡಬೇಕಾದುದಿಲ್ಲ. ಕೆ. ಸಿ. ಮಂಚ್‌ಕಿನ್ನನ್ನು ಈ ತಕ್ಕಡಿಯಲ್ಲಿ ಇಟ್ಟು ನೋಡತಕ್ಕದ್ದು.

ಮೈ ಹೋಲುವುದೆಂಬುದು ನಿರ್ವಿವಾದ. ಭೂತಗಳ ಸಂಖ್ಯೆ ನಾಲ್ಕರ ಬದಲು ಮೂರಾದ ಮಾತ್ರಕ್ಕೆ ಭೂತತ್ವವು ಹೋಗುವುದಿಲ್ಲ. ಆತ್ಮವೋ? ಪ್ಯಾಕ್-ಮ್ಯಾನಿನಲ್ಲಿ 240 ಚುಕ್ಕೆಗಳು. ನೆಟ್ಟ ಬೇಲಿಗೂಟಗಳಂತೆ ನಿಂತಲ್ಲಿಯೇ ನಿಂತಿರುವುವು. ಇಲ್ಲಿ ಹನ್ನೆರಡೇ. ಆದರೆ ಆ ಹನ್ನೆರಡೂ ಚಲಿಸುವುವು! ತಿಂದಷ್ಟು ಕಡಿಮೆಯಾಗುತ್ತ ಬಂದಂತೆ ಉಳಿದವು ಚುರುಕಾಗುವುವು. ಕಡೆಯ ಚುಕ್ಕೆಯು ನಾಯಕನಷ್ಟೇ ವೇಗವಾಗಿ ಓಡುವುದು. ಬೆನ್ನಟ್ಟಿದರೆ ಎಂದಿಗೂ ಸಿಕ್ಕದು; ಅದು ಬರುವ ದಾರಿಯನ್ನು ಮೊದಲೇ ಊಹಿಸಿ ಎದುರು ಹೋಗಿ ನಿಲ್ಲಬೇಕು. ಅಲ್ಲಿ ತಪ್ಪಿಸಿಕೊಂಡು ತಿನ್ನುವ ಆಟ. ಇಲ್ಲಿ ತಪ್ಪಿಸಿಕೊಳ್ಳುತ್ತಲೇ ಬೇಟೆಯಾಡುವ ಆಟ. ನಡುವಿನ ಗೂಡು ಒಂದೇ ಬಾಗಿಲುಳ್ಳದ್ದಾಗಿ ಸುತ್ತುತ್ತಿರುವುದು. ಓಣಿಗಳ ವಿನ್ಯಾಸವು ಬದಲಾಗುವುದು. ಕೆಲವು ಬಗೆಗಳಲ್ಲಿ ಗೋಡೆಗಳೇ ಅದೃಶ್ಯವಾಗುವುವು. ಕಣ್ಣಿನ ಜಾಗದಲ್ಲಿ ನೆನಪು ಕೆಲಸ ಮಾಡಬೇಕು. ಮೇಲಾಗಿ ಆ ಹಳಿಯಲ್ಪಟ್ಟ ಅಕ್ಷರದ ಮಣೆಯ ಸಹಾಯದಿಂದ ಮಗುವು ತನ್ನದೇ ಆದ ವ್ಯೂಹವನ್ನು ಕಟ್ಟಿ ಅದರಲ್ಲಿ ಆಡಬಹುದಾಗಿದ್ದಿತು. ಕಡೆಯದಾಗಿ ಒಂದು ಸಣ್ಣ ವಿಷಯ: ಮಂಚ್‌ಕಿನ್ನನ ತಲೆಯ ಮೇಲೆ ಎರಡು ಕೋಡುಂಟು, ಓಡುವಾಗ ಮಗ್ಗುಲು ತೋರುವ ಅವನು ನಿಂತೊಡನೆ ಆಡುವವನ ಕಡೆಗೆ ಮುಖ ತಿರುಗಿಸಿ ನಗುವನು. ಪ್ಯಾಕ್-ಮ್ಯಾನಿಗೆ ಆಡುವವನ ಕಡೆಗೆ ನೋಡುವ ಸೌಜನ್ಯವಿಲ್ಲ. ಇವೆಲ್ಲವನ್ನೂ ಗಣಿಸಿದರೆ, ಮೈಯಲ್ಲಿ ಚಿತ್ರದಂತೆ ಹೋಲಿದರೂ ಪ್ರಾಣದಲ್ಲಿ ಇದು ತುಲ್ಯದೇಹಿಯ ಪಂಕ್ತಿಗೇ ಸೇರಿದುದೆನ್ನಬೇಕಾಗುವುದು.

ಕೋರ್ಟಿಗೆ ಈ ಭೇದಗಳು ತಿಳಿಯದೆ ಇರಲಿಲ್ಲ. ಅವನ್ನು ಗುರುತಿಸಿಯೂ ಬದಿಗಿಟ್ಟಿತು. ಅದಕ್ಕೆ ಅದು ಕೊಟ್ಟ ಕಾರಣಗಳಲ್ಲಿ ಒಂದು ಮಾತ್ರ ಸಾಹಿತ್ಯವಿಮರ್ಶಕನು ಸುಮ್ಮನೆ ಕೇಳಿಕೊಂಡು ಹೋಗತಕ್ಕ ಮಾತಲ್ಲ. ಚಿತ್ರಕಲೆ ಮುಂತಾದವುಗಳ ರಸಿಕರಂತೆ ಈ ಆಟಗಳನ್ನು ಆಡುವವರು ಸೂಕ್ಷ್ಮವಾದ ಕಲಾಭೇದಗಳನ್ನು ಗಮನಿಸುವವರಲ್ಲ, ಅಂಥ ವಿವೇಚನೆ ಅವರಲ್ಲಿ ಕಡಿಮೆ ಎಂಬುದು ಆ ಮಾತಿನ ಅಭಿಪ್ರಾಯ. ಆಡುತ್ತಿದ್ದವರು ಮುಖ್ಯವಾಗಿ ಮಕ್ಕಳು. ಎಂದರೆ, ಮಕ್ಕಳು ಸಹೃದಯರಲ್ಲವೆಂದು ತೀರ್ಪಾಯಿತು. ಮಕ್ಕಳನ್ನು ಸಾಕ್ಷಿಗೆ ಕರೆದುದಿಲ್ಲ.

ಈಗ ಸಾಕ್ಷಿ ಬಂದಿದೆ, ನಾಲ್ವತ್ತು ವರ್ಷ ತಡವಾಗಿ. ಒಡಿಸಿಯ ಬಾಲ್ಯಸ್ಮರಣೆಗಳ ನಿಜವಾದ ಬೆಲೆ ಇರುವುದು ಇಲ್ಲಿ. ಈ ಸ್ಮರಣಕಾರರು ಹಬ್ಬದ ಬೆಳಗನ್ನೂ ಪಕ್ಕದ ಮನೆಯ ಹುಡುಗನನ್ನೂ ನೆನೆಯುವಾಗ ಒಬ್ಬರಂತೆಯೇ ಇನ್ನೊಬ್ಬರು ಬರೆಯುವರು. ಮಂಚ್‌ಕಿನ್ನನ ಮಾತು ಬಂದ ಕೂಡಲೆ ಎಚ್ಚೆತ್ತವರಂತೆ, ಕಡೆಯ ಚುಕ್ಕೆಯ ಓಟವನ್ನೂ ಕಾಣದ ಗೋಡೆಯನ್ನೂ ತಿರುಗುವ ಗೂಡನ್ನೂ ಒಂದೊಂದಾಗಿ ಎಣಿಸಿ ಹೇಳುವರು. ಇದು ಪ್ಯಾಕ್-ಮ್ಯಾನ್ ಅಲ್ಲವೆಂದು ಅವರಿಗೆ ಹತ್ತನೆಯ ವಯಸ್ಸಿನಲ್ಲಿಯೇ ಗೊತ್ತಿದ್ದಿತು. ಸೂಕ್ಷ್ಮಭೇದವನ್ನು ಗಮನಿಸದವನ ಚಿತ್ತದಲ್ಲಿ ಸೂಕ್ಷ್ಮಭೇದದ ಸಂಸ್ಕಾರವು ಉಳಿಯುವುದು ಹೇಗೆ? ಸ್ಮೃತಿಯು ಅನುಭವವನ್ನು ಅನುಸರಿಸುವುದೆಂಬುದು ಸರ್ವಸಮ್ಮತವಾದ ಮಾತು. ನೆನಪು ಇಷ್ಟು ವಿವರವಾಗಿರಬೇಕಾದರೆ ಅಂದಿನ ನೋಟವೂ ವಿವರವಾಗಿಯೇ ಇದ್ದಿರಬೇಕು. ಕಾಲವು ಸಿಹಿಯನ್ನು ಸೇರಿಸಬಲ್ಲುದು. ಚುಕ್ಕೆಗೆ ವೇಗವನ್ನು ಸೇರಿಸಲಾರದು.

ಹಾಗೆಂದು ತೀರ್ಪನ್ನೇ ತಪ್ಪೆನ್ನುವುದೂ ಸಲ್ಲದು. ಕೋರ್ಟು ತೂಗಿದುದು ಒಂದು ಕಂಪನಿಯ ಸೊತ್ತನ್ನು, ಕಾವ್ಯದ ಆತ್ಮವನ್ನಲ್ಲ. ಅನುಮತಿ ಕೇಳಿ, ದೊರೆಯದೆ, ಅನಂತರ ಅದೇ ಮುಖವನ್ನು ಬಣ್ಣ ಬದಲಿಸಿ ಮಾರಿದುದು ವ್ಯಾಪಾರಧರ್ಮದಲ್ಲಿ ಒಪ್ಪುವ ಮಾತಲ್ಲ. ಆದರೆ ಇದೇ ಅಳತೆಯಿಂದ ಅಳೆದರೆ ಶೂದ್ರಕನ ಗತಿಯೇನಾಗುತ್ತಿದ್ದಿತೆಂದು ಯೋಚಿಸಿದರೆ ನಗು ಬರುವುದು. ಭಾಸನದೆಂದು ಹೇಳುವ ಚಾರುದತ್ತವೆಂಬ ನಾಲ್ಕಂಕದ ರೂಪಕಕ್ಕೂ ಮೃಚ್ಛಕಟಿಕದ ಮೊದಲ ನಾಲ್ಕಂಕಗಳಿಗೂ ಇರುವ ಹೋಲಿಕೆಯ ಮುಂದೆ ಮಂಚ್‌ಕಿನ್ನನ ಹೋಲಿಕೆ ಏನೇನೂ ಅಲ್ಲ. ಪಾತ್ರಗಳು ಅವೇ, ಸನ್ನಿವೇಶಗಳು ಅವೇ, ಎಷ್ಟೋ ಕಡೆ ಮಾತುಗಳೂ ಅವೇ. ಆದರೂ ಪ್ರಕರಣಕ್ಕೆ ಹೆಸರು ಕೊಟ್ಟ ಮಣ್ಣಿನ ಬಂಡಿ ಬರುವುದು ಆರನೆಯ ಅಂಕದಲ್ಲಿ, ಹಳೆಯ ರೂಪಕವು ಮುಗಿದ ಮೇಲೆ.

ಹಕ್ಕನ್ನು ಗೆದ್ದ ಅಟಾರಿಯವರು ಅದೇ 1982ರಲ್ಲಿ ತಮ್ಮ ಯಂತ್ರಕ್ಕೆ ಪ್ಯಾಕ್-ಮ್ಯಾನನ್ನು ತಂದರು. ಅವಸರದ ಆ ಕೃತಿಯಲ್ಲಿ ಭೂತಗಳು ಮಿಣಿಮಿಣಿ ಎಂದು ಮಿನುಗುತ್ತಿದ್ದುವು. ಕೊಂಡವರಿಗೆ ನಿರಾಶೆಯಾದುದು ಪ್ರಸಿದ್ಧವಾಗಿದೆ. ಮೂಲವನ್ನು ಪಡೆದವನು ಕೆಡಿಸಿದನು, ಪಡೆಯದವನು ಬೆಳೆಸಿದನು ಎಂದು ಒಡಿಸಿಯ ಪಕ್ಷದವರು ಇದನ್ನು ಕೈತಟ್ಟಿ ಹೇಳುವರು. ಈ ಒಂದು ವಿಷಯದಲ್ಲಿ ಅವರ ಹುರುಪನ್ನು ಕ್ಷಮಿಸಬಹುದು.

ಆದರೆ ಅವರು ಅಷ್ಟಾಗಿ ಗಮನಿಸದ ಸ್ವಾರಸ್ಯವೊಂದು ಉಳಿದಿದೆ. ತೀರ್ಪಿನ ತರುವಾಯ, 1982ರಲ್ಲಿಯೇ, ಎವೆರೆಟ್ಟನು ಕೆ. ಸಿ.ಯ ಹುಚ್ಚು ಬೇಟೆ ಎಂಬರ್ಥದ ಹೆಸರಿನಿಂದ ಇನ್ನೊಂದು ಆಟವನ್ನು ರಚಿಸಿದನು. ಮಾತನಾಡುವ ಉಪಕರಣವಿದ್ದರೆ ಅದು ನಡುನಡುವೆ ಆಡುವವನನ್ನು ಹುರಿದುಂಬಿಸುವುದು. ಕಂಬಳಿಹುಳುವಿನಂಥ ಉದ್ದನೆಯ ಒಂದು ಪ್ರಾಣಿ ಓಣಿಗಳಲ್ಲಿ ಹರಿದಾಡುವುದು. ಮಂಚ್‌ಕಿನ್ನನು ಅದರ ತಲೆಗೆ ಸಿಕ್ಕದೆ ಹಿಂದಿನಿಂದ ಹೋಗಿ ಮೈಯ ಕಣ್ಣುಗಳನ್ನು ಒಂದೊಂದಾಗಿ ನುಂಗಬೇಕು. ಚುಕ್ಕೆಗಳಿಲ್ಲ, ಹಳೆಯ ಭೂತಗಳಿಲ್ಲ, ಯಾವ ಕೋರ್ಟೂ ಹಿಡಿಯಬಹುದಾದ ಮೈಯೇ ಇಲ್ಲ. ಆದರೆ ಆಹಾರವು ತಾನೇ ಓಡುವುದೆಂಬ ಹಿಂದಿನ ಆಟದ ಮರ್ಮವು ಹಾಗೆಯೇ ಬಂದು ಈ ಹುಳುವಿನ ಮೈಯಲ್ಲಿ ಸೇರಿಕೊಂಡಿದೆ. ಆನಂದವರ್ಧನನ ಮೂರಕ್ಕೆ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ನಾಲ್ಕನೆಯದೊಂದನ್ನು ಸೇರಿಸಿರುವನು: ಮೂಲವೊಂದೇ ಆಗಿದ್ದು ಅಲಂಕರಣವೆಲ್ಲ ಬಲುದೂರ ಬೇರೆಯಾಗಿರುವುದು, ಯೋಗಿಯು ಒಂದು ಶರೀರವನ್ನು ಬಿಟ್ಟು ಇನ್ನೊಂದನ್ನು ಹೊಕ್ಕಂತೆ. ಅದಕ್ಕೆ ಅವನಿಟ್ಟ ಹೆಸರು ಪರಪುರಪ್ರವೇಶಸದೃಶ. ಇಲ್ಲಿ ಎವೆರೆಟ್ಟನು ಕದ್ದುದು ತನ್ನಿಂದಲೇ.